ಬೀದರ್: ನೆಲ, ನೀರು ಮತ್ತು ವಿದ್ಯೆ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಬೀದರ್ ಎಂದೊಡನೆ ಕೋಟೆ, ಗುಮ್ಮಟಗಳು, ಬಿದರಿ ಕಲೆ ನಮ್ಮ ನೆನಪಿಗೆ ಬರುತ್ತವೆ. ಇವೆಲ್ಲಕ್ಕೂ ಆಧಾರವಾದ ನೆಲ ಮತ್ತು ನೀರಿನ ಬಗ್ಗೆ ಇಂದು ಕೆಲವು ಮಾತು ಹೇಳಬಯಸುತ್ತೇನೆ.

ಕರ್ನಾಟಕದ ಉತ್ತರ ತುದಿಯ ಈ ನಗರ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಈ ಕಲ್ಲಿನ ತುಂಬ ಸಣ್ಣ ರಂಧ್ರಗಳಿವೆ. ಮಳೆನೀರು ಅವುಗಳ ಮೂಲಕ ಇಳಿದು, ಕೆಳಗಿನ ಗಟ್ಟಿ ಕಪ್ಪುಕಲ್ಲಿನ ಮೇಲೆ ನಿಂತು, ಅಂಚುಗಳಲ್ಲಿ ಒರತೆಯಾಗಿ ಹೊರಬರುತ್ತದೆ. ನರಸಿಂಹ ಝರಣಿಗೂ ಗುರುನಾನಕ್ ಝೀರಾಕ್ಕೂ ಭಕ್ತರು ಬರುವುದು ಇಂಥ ನೀರಿನ ಬಳಿಗೇ.

ಕಲ್ಯಾಣದ ಚಾಲುಕ್ಯರ, ಕಾಕತೀಯರ ಆಳ್ವಿಕೆ ಕಂಡ ಈ ನಾಡಿಗೆ 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ತಂದನು. ಇರಾನಿನಲ್ಲಿ ಬೆಳೆದ ಕರೇಜ್ ವಿದ್ಯೆಯೂ ಇಲ್ಲಿಗೆ ಬಂತು. ನೆಲದೊಳಗೆ ಇಳಿಜಾರಾಗಿ ಸುರಂಗ ಕೊರೆದು, ಗಾಳಿ ಬೆಳಕಿಗೂ ಹೂಳು ತೆಗೆಯಲೂ ಅಲ್ಲಲ್ಲಿ ಬಾವಿಯಂಥ ಬಾಯಿಗಳನ್ನು ಬಿಟ್ಟರು. ನೀರೆತ್ತುವ ಯಂತ್ರವಿಲ್ಲದೆ ನೀರು ತಾನೇ ಹರಿಯಿತು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಾಗಿದೆ.

ಅದೇ ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದವನು ಮಹಮೂದ್ ಗವಾನ್. ಪ್ರಧಾನಿಯಾದ ಅವನು 1472ರಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದನು. ಅಲ್ಲಿ ಗ್ರಂಥಾಲಯವಿತ್ತು, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿಯಿತ್ತು. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು ಅವನನ್ನು ಕೊಲ್ಲಿಸಿದನು. ರಾಜ್ಯ ಒಡೆಯಿತು, ಮದರಸಾದ ಒಂದು ಭಾಗ ಉರುಳಿದರೂ ಉಳಿದದ್ದು ಇಂದಿಗೂ ನಿಂತಿದೆ.

ಇನ್ನು ಬೇಸಾಯ. ಮೇಲೆ ಕೆಂಪು ಮಣ್ಣು, ತಗ್ಗಿನಲ್ಲಿ ಎರೆಭೂಮಿ. ಗೋದಾವರಿಯ ಉಪನದಿ ಮಾಂಜರಾ ಜಿಲ್ಲೆಯಲ್ಲಿ ಹರಿಯುತ್ತಿದ್ದರೂ ಹೆಚ್ಚಿನ ರೈತರು ಮಳೆಯನ್ನೇ ನಂಬಿದ್ದಾರೆ. ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸೋಯಾ. ಹಿಂಗಾರಿಗೆ ಕಡಲೆ, ಜೋಳ. ಕಬ್ಬೂ ಇದೆ. ಹೆಸರು ಎರಡೂವರೆ ತಿಂಗಳೊಳಗೆ ಕೈಸೇರಿದರೆ, ಕಬ್ಬಿಗೆ ವರ್ಷವಿಡೀ ನೀರು ಬೇಕು. ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ತೆರೆದ ಬಾವಿಗಳು ಬತ್ತುತ್ತವೆ.

2015ರ ಸುಮಾರಿಗೆ ನೌಬಾದಿನ ಕರೇಜಿನ ಹೂಳು ತೆಗೆಯಲಾಯಿತು. ಆದರೆ ಬಾಯಿಗಳನ್ನು ಮುಚ್ಚಿ ಮನೆ ಕಟ್ಟಿದರೆ, ಮಳೆ ಇಂಗುವ ನೆಲಕ್ಕೆಲ್ಲ ಕಾಂಕ್ರೀಟು ಹಾಕಿದರೆ, ಹೂಳೆತ್ತಿ ಪ್ರಯೋಜನವೇನು?

ವಿದ್ಯಾರ್ಥಿ ಮಿತ್ರರೆ, ಪರಂಪರೆಯ ಬಗ್ಗೆ ಹೆಮ್ಮೆ ಪಟ್ಟರೆ ಸಾಲದು, ಅದರ ಲೆಕ್ಕವನ್ನೂ ಇಡಬೇಕು. ನಿಮ್ಮ ಓಣಿಯ ಹಳೆಯ ಬಾವಿಗಳನ್ನು ಗುರುತಿಸಿರಿ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ನೀರಿನ ಮಟ್ಟ ಅಳೆದು ಬರೆದಿಡಿರಿ. ಐದು ವರ್ಷಗಳ ಅಂಥ ಒಂದು ನೋಟುಪುಸ್ತಕ ಊರಿನ ಹಿರಿಯರ ಮುಂದೆಯೂ ನಗರಾಡಳಿತದ ಮುಂದೆಯೂ ನಿಮ್ಮ ಪರವಾಗಿ ಮಾತನಾಡುತ್ತದೆ.