ಯಂತ್ರಕ್ಕೂ ಒಂದು ಜಮಾಬಂದಿ

ಸರ್ಕಾರಿ ಸೇವೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಮತ್ತು ತಜ್ಞರ ಮೇಲ್ವಿಚಾರಣೆಯನ್ನು ಕುರಿತ ದತ್ತಿ ಉಪನ್ಯಾಸ



ಯಾರ ಸ್ಮರಣಾರ್ಥವಾಗಿ ಈ ದತ್ತಿಯು ಸ್ಥಾಪಿತವಾಗಿದೆಯೋ ಆ ಮಹನೀಯರು ತಮ್ಮ ಆಯುಷ್ಯದ ಬಹುಭಾಗವನ್ನು ಸರ್ಕಾರದ ಕಡತಗಳ ನಡುವೆ ಕಳೆದವರು. ಕಡತದ ದಾರವನ್ನು ಬಿಚ್ಚುವಾಗಲೆಲ್ಲ ಅದರ ಹಿಂದೆ ಒಬ್ಬ ಮನುಷ್ಯನು ಬಾಗಿಲ ಬಳಿ ಕಾದು ನಿಂತಿದ್ದಾನೆಂಬುದನ್ನು ಮರೆಯದವರು. ಅವರ ಹೆಸರಿನ ವೇದಿಕೆಯಲ್ಲಿ ಮಾತನಾಡುವ ಭಾಗ್ಯವು ನನಗೆ ದೊರೆತಾಗ, ಇಂದು ಆ ಕಡತವನ್ನು ಬಿಚ್ಚುತ್ತಿರುವ ಹೊಸ ಕೈಯನ್ನು, ಎಂದರೆ ಯಂತ್ರದ ಕೈಯನ್ನು, ಕುರಿತು ಆಲೋಚಿಸುವುದೇ ಉಚಿತವೆಂದು ತೋರಿತು.

1

ನಮ್ಮ ಹಳ್ಳಿಗಳ ಆಡಳಿತದಲ್ಲಿ ಜಮಾಬಂದಿ ಎಂಬುದೊಂದು ಹಳೆಯ ಪದ್ಧತಿ. ವರ್ಷಕ್ಕೊಮ್ಮೆ ಮೇಲಧಿಕಾರಿಯು ಬಂದು ಕುಳಿತು, ಶಾನುಭೋಗನು ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನು ಬಿಚ್ಚಿಸಿ, ರೈತರ ಎದುರಿನಲ್ಲಿಯೇ ಅವನ್ನು ಒರೆಗೆ ಹಚ್ಚುತ್ತಿದ್ದನು. ನನ್ನ ತಾತನವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಸಂಗತಿಯುಂಟು. ಕೆರೆಯ ತೂಬು ಕೆಟ್ಟು ಮೂರು ವರ್ಷ ನೀರು ಹರಿಯದೆ ಬೀಳುಬಿದ್ದಿದ್ದ ಒಂದು ಗದ್ದೆಯನ್ನು ಪುಸ್ತಕವು ತರಿ, ಎಂದರೆ ನೀರಾವರಿಯ ಭೂಮಿ, ಎಂದೇ ಹೇಳುತ್ತಿತ್ತು. ಕಂದಾಯವೂ ತರಿಯ ದರದಲ್ಲಿಯೇ ಏರುತ್ತಿತ್ತು. ಜಮಾಬಂದಿಯ ದಿನ ಆ ರೈತನು ಕೈಮುಗಿದು ನಿಂತು, “ಸ್ವಾಮಿ, ಪುಸ್ತಕದಲ್ಲಿ ನೀರಿದೆ, ಗದ್ದೆಯಲ್ಲಿಲ್ಲ” ಎಂದನಂತೆ. ಅಧಿಕಾರಿಯು ಎದ್ದು, ಬದುವಿನ ಮೇಲೆ ನಡೆದುಹೋಗಿ, ಬಿರುಕುಬಿಟ್ಟ ನೆಲವನ್ನು ಕಣ್ಣಾರೆ ಕಂಡು, ಹಿಂದಿರುಗಿ ಬಂದು, ಎಲ್ಲರ ಸಮಕ್ಷಮದಲ್ಲಿ ಪುಸ್ತಕವನ್ನು ತಿದ್ದಿಸಿದನು.

ಈ ಸಣ್ಣ ಪ್ರಸಂಗದಲ್ಲಿ ಮೂರು ಅಂಶಗಳು ಅಡಗಿವೆ: ಪುಸ್ತಕವನ್ನು ಬಿಚ್ಚಿ ನೋಡುವ ಅಧಿಕಾರ, ತಪ್ಪನ್ನು ಅಲ್ಲಿಯೇ ತಡೆದು ತಿದ್ದುವ ಅಧಿಕಾರ, ಮತ್ತು ಈ ಎರಡೂ ಊರವರ ಎದುರಿನಲ್ಲಿ ನಡೆಯಬೇಕೆಂಬ ನಿಯಮ. ಇಂದಿಗೂ ನಮ್ಮ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಲೆಕ್ಕ ಬರೆಯುವ ಕೈ ಮನುಷ್ಯನದಾಗಿದ್ದಾಗ ಅವಶ್ಯವೆನಿಸಿದ ಈ ಪರೀಕ್ಷೆಯು, ಲೆಕ್ಕ ಬರೆಯುವ ಕೈ ಯಂತ್ರದ್ದಾದಾಗ ಅನವಶ್ಯಕವಾಗುವುದೆಂದು ನಂಬುವುದಕ್ಕೆ ನನಗೆ ಯಾವ ಕಾರಣವೂ ಕಾಣದು. ಇದನ್ನು ತರ್ಕದಿಂದ ಸಾಧಿಸುವುದಕ್ಕಿಂತ, ನಡೆದುಹೋದ ಒಂದು ಚರಿತ್ರೆಯಿಂದ ತೋರಿಸುವುದು ಲೇಸು.

2

ಆಸ್ಟ್ರೇಲಿಯದಲ್ಲಿ ನಿರುದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ರೋಗಿಗಳಿಗೂ ಸರ್ಕಾರವು ಎರಡು ವಾರಕ್ಕೊಮ್ಮೆ ಸಹಾಯಧನವನ್ನು ಕೊಡುತ್ತದೆ. ಸೆಂಟರ್‌ಲಿಂಕ್ ಎಂಬ ಸಂಸ್ಥೆಯು ಅದನ್ನು ಹಂಚುತ್ತದೆ. ಆಯಾ ಪಕ್ಷದಲ್ಲಿ, ಎಂದರೆ ಆಯಾ ಎರಡು ವಾರಗಳಲ್ಲಿ, ದುಡಿದ ಹಣವೆಷ್ಟೆಂದು ಫಲಾನುಭವಿಯು ತಿಳಿಸಬೇಕು. ಅದಕ್ಕೆ ತಕ್ಕಂತೆ ಸಹಾಯಧನವು ಏರುವುದು, ಇಳಿಯುವುದು. ಕೆಲವರು ಹೆಚ್ಚಾಗಿ ಪಡೆದಿರಬಹುದೆಂಬ ಸಂದೇಹವು ಸರ್ಕಾರಕ್ಕೆ ಬಂದು, 2015ರಲ್ಲಿ ಒಂದು ಯೋಜನೆಯು ಆರಂಭವಾಗಿ, 2016ರಲ್ಲಿ ದೇಶವ್ಯಾಪಿಯಾಯಿತು. ಜನರು ಅದಕ್ಕೆ ಇಟ್ಟ ಹೆಸರು ರೋಬೋಡೆಟ್, ಎಂದರೆ ಯಂತ್ರ ಹೊರಿಸಿದ ಸಾಲ.

ಅದರ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತೆರಿಗೆ ಇಲಾಖೆಯಿಂದ ಒಬ್ಬನ ವಾರ್ಷಿಕ ವರಮಾನವನ್ನು ತೆಗೆದುಕೊಂಡು, ಯಂತ್ರವು ಅದನ್ನು 26 ಪಕ್ಷಗಳಿಗೆ ಸಮನಾಗಿ ಹಂಚುತ್ತಿತ್ತು. ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ: ವರ್ಷದ ಮೊದಲ 13 ಪಕ್ಷಗಳಲ್ಲಿ ಆಕೆ ಕೆಲಸಕ್ಕೆ ಹೋಗಿ ಪಕ್ಷಕ್ಕೆ 2,000 ಡಾಲರಿನಂತೆ ದುಡಿದಳು, ಉಳಿದ 13 ಪಕ್ಷಗಳಲ್ಲಿ ಕೆಲಸವಿಲ್ಲದೆ, ಅದನ್ನು ಪ್ರಾಮಾಣಿಕವಾಗಿ ತಿಳಿಸಿ, ಸಹಾಯಧನವನ್ನು ಪಡೆದಳು. ವರ್ಷದ ವರಮಾನ 26,000; ಯಂತ್ರದ ಸರಾಸರಿಯಲ್ಲಿ ಪ್ರತಿ ಪಕ್ಷಕ್ಕೂ 1,000. ಹಾಗಾದರೆ ಏನೂ ದುಡಿಯಲಿಲ್ಲವೆಂದು ಆಕೆ ಹೇಳಿದ ಪಕ್ಷಗಳಲ್ಲೆಲ್ಲ 1,000 ಡಾಲರನ್ನು ಮುಚ್ಚಿಟ್ಟಳೆಂದಾಯಿತು! ಕೂಡಲೇ ನೋಟೀಸು ಹೊರಡುತ್ತಿತ್ತು. ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತಂದು ನಿರ್ದೋಷಿಯೆಂದು ಸಾಧಿಸುವ ಭಾರವು ಆಕೆಯ ಮೇಲೆ ಬೀಳುತ್ತಿತ್ತು. ಹಿಂದೆ ಇಂತಹ ವ್ಯತ್ಯಾಸವು ಕಂಡಾಗ ನೌಕರನೊಬ್ಬನು ಉದ್ಯೋಗದಾತನನ್ನು ವಿಚಾರಿಸುತ್ತಿದ್ದನು. ಹೊಸ ವ್ಯವಸ್ಥೆಯಲ್ಲಿ ಆ ನೌಕರನ ಸ್ಥಾನವೇ ಲೋಪವಾಯಿತು.

ನಮ್ಮ ನಾಡಿನ ಕೂಲಿಕಾರನ ಬದುಕನ್ನು ಬಲ್ಲ ಯಾರಿಗಾದರೂ ಈ ತಪ್ಪು ಒಡನೆಯೇ ಹೊಳೆಯುತ್ತದೆ. ಸುಗ್ಗಿಯಲ್ಲಿ ಕೈತುಂಬ ಕೆಲಸ, ಬೇಸಗೆಯಲ್ಲಿ ಬರಿಗೈ. ಬಡವನ ವರ್ಷವು ಸಮತಟ್ಟಾದ ನೆಲವಲ್ಲ, ಏರುತಗ್ಗುಗಳ ನೆಲ. ಅದಕ್ಕೆ ಸರಾಸರಿಯ ಹಲುಬೆ ಹೊಡೆಯುವವನು ಏರನ್ನು ತಗ್ಗಿಗೆ ತುಂಬಿ, ತಗ್ಗಿನಲ್ಲಿ ನಿಂತವನನ್ನು ಹೂಳುತ್ತಾನೆ.

3

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ. ಇದನ್ನು ಕಂಡುಹಿಡಿಯಬಲ್ಲ ತಜ್ಞರು ಆ ದೇಶದಲ್ಲಿ ಇರಲಿಲ್ಲವೆ? ಇದ್ದರು, ಕಂಡುಹಿಡಿದೂ ಇದ್ದರು. ಈ ದುರಂತದ ಮರ್ಮವಿರುವುದೇ ಇಲ್ಲಿ.

ಯೋಜನೆಯು ಹೊರಡುವ ಮೊದಲೇ, 2014ರಲ್ಲಿ, ಸಮಾಜಸೇವಾ ಇಲಾಖೆಯ ಒಳಗಿನ ನ್ಯಾಯವಾದಿಗಳು ಸರಾಸರಿಯ ಈ ವಿಧಾನವು ಶಾಸನಕ್ಕೆ ಹೊಂದದೆಂಬ ಅಭಿಪ್ರಾಯವನ್ನು ಬರೆದುಕೊಟ್ಟಿದ್ದರು. ಅದು ಕಡತದಲ್ಲಿಯೇ ಉಳಿಯಿತು. ಸಿಡ್ನಿ ವಿಶ್ವವಿದ್ಯಾನಿಲಯದ ಗೌರವ ಪ್ರಾಧ್ಯಾಪಕರೂ ಸುಮಾರು 40 ವರ್ಷ ನ್ಯಾಯಮಂಡಳಿಗಳಲ್ಲಿ ಸದಸ್ಯರಾಗಿದ್ದವರೂ ಆದ ಟೆರಿ ಕಾರ್ನಿ ಎಂಬ ಕಾನೂನು ಪಂಡಿತರು, 2017ರ ಮಾರ್ಚಿನಲ್ಲಿ ತಮ್ಮ ಮುಂದೆ ಬಂದ ಮೇಲ್ಮನವಿಯೊಂದರಲ್ಲಿ, ಸರಾಸರಿಯಿಂದ ಸಾಲವು ಸಿದ್ಧವಾಗದೆಂದು, ಸಾಲವಿದೆಯೆಂದು ಸಾಧಿಸಬೇಕಾದವರು ಸರ್ಕಾರದವರೆಂದು ಸ್ಪಷ್ಟವಾಗಿ ತೀರ್ಪಿತ್ತರು. ಅನಂತರವೂ ಅದೇ ಬಗೆಯ ತೀರ್ಪುಗಳನ್ನು ಕೊಟ್ಟರು. ಆದರೆ ಆ ಹಂತದ ತೀರ್ಪುಗಳು ಪ್ರಕಟವಾಗುವ ಪದ್ಧತಿಯಿರಲಿಲ್ಲ. ಸರ್ಕಾರವು ಮೇಲ್ಮನವಿಗೂ ಹೋಗಲಿಲ್ಲ. ಹೋಗಿದ್ದರೆ ಪ್ರಶ್ನೆಯು ಬಹಿರಂಗವಾಗಿ ಇತ್ಯರ್ಥವಾಗುತ್ತಿತ್ತು. ಆ ಒಬ್ಬ ಅರ್ಜಿದಾರನಿಗೆ ನ್ಯಾಯ ದೊರೆಯಿತು. ಯಂತ್ರವು ಮರುದಿನವೂ ಎಂದಿನಂತೆ ನೋಟೀಸುಗಳನ್ನು ಕಳುಹಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ನಿಯವರ ಮರುನೇಮಕವಾಗಲಿಲ್ಲ. 2017ರ ಏಪ್ರಿಲಿನಲ್ಲಿ, ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಆಂಬುಡ್ಸ್‌ಮನ್ ಸಂಸ್ಥೆಯೂ ವರದಿಯನ್ನಿತ್ತಿತು. ಆದರೆ ನೋಟೀಸಿನ ಭಾಷೆ, ಫೋನು, ಕಾಲಾವಕಾಶ ಇವನ್ನು ಸುಧಾರಿಸಬೇಕೆಂದಿತೇ ಹೊರತು, ಮೂಲದ ಲೆಕ್ಕವು ಶಾಸನಬದ್ಧವೇ ಎಂಬ ಪ್ರಶ್ನೆಯನ್ನು ತೀರ್ಮಾನಿಸಲಿಲ್ಲ.

ಕಡೆಗೆ, ತನಗೆ ಬರಬೇಕಾಗಿದ್ದ ತೆರಿಗೆಯ ಮರುಪಾವತಿಯನ್ನೂ ಈ ಸಾಲಕ್ಕೆ ಕಳೆದುಕೊಂಡಿದ್ದ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ, 2019ರ ನವೆಂಬರಿನಲ್ಲಿ, ಫೆಡರಲ್ ನ್ಯಾಯಾಲಯವು ಸರ್ಕಾರದ ಒಪ್ಪಿಗೆಯಿಂದಲೇ ಆ ಸಾಲವು ಕಾನೂನುಬಾಹಿರವೆಂದು ಘೋಷಿಸಿತು. 2020ರ ಮೇ ತಿಂಗಳಲ್ಲಿ ಸುಮಾರು 4,70,000 ಸಾಲಗಳಿಗೆ ಸಂಬಂಧಿಸಿದ 72.1 ಕೋಟಿ ಡಾಲರನ್ನು ಹಿಂದಿರುಗಿಸುವುದಾಗಿ ಸರ್ಕಾರವು ಪ್ರಕಟಿಸಬೇಕಾಯಿತು. 2022ರಲ್ಲಿ ಕ್ಯಾಥರಿನ್ ಹೋಮ್ಸ್ ಅವರ ನೇತೃತ್ವದಲ್ಲಿ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗವು ನೇಮಕವಾಯಿತು. ಅದರ ಮುಂದೆ, ಸಾಲದ ನೋಟೀಸು ಬಂದಮೇಲೆ ತಮ್ಮ ಮಕ್ಕಳು ಪ್ರಾಣ ಕಳೆದುಕೊಂಡ ಕಥೆಯನ್ನು ತಾಯಂದಿರು ಸಾಕ್ಷಿಯಾಗಿ ನುಡಿದರು. 2023ರ ಜುಲೈ 7ರಂದು ಆಯೋಗವು 57 ಶಿಫಾರಸುಗಳ ವರದಿಯನ್ನಿತ್ತಿತು.

2017ರ ಮಾರ್ಚಿನಿಂದ 2019ರ ನವೆಂಬರಿನವರೆಗೆ ಎರಡು ವರ್ಷ ಎಂಟು ತಿಂಗಳು. ಆ ಅವಧಿಯಲ್ಲಿ ಸತ್ಯವು ಆ ದೇಶದಲ್ಲಿ ಅಜ್ಞಾತವಾಗಿರಲಿಲ್ಲ. ಬರೆಹದಲ್ಲಿ, ಸಹಿಯೊಡನೆ, ಒಂದು ಕಪಾಟಿನಲ್ಲಿತ್ತು.

4

ರೋಬೋಡೆಟ್ ಕೃತಕ ಬುದ್ಧಿಮತ್ತೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲ, ಅದು ಶಾಲೆಯ ಬಾಲಕನೂ ಬಿಡಿಸಬಲ್ಲ ಭಾಗಾಕಾರ. ಆದುದರಿಂದಲೇ ಅದರ ಪಾಠವು ಇನ್ನೂ ಗಂಭೀರವಾದುದು. ಅಷ್ಟು ಸರಳವಾದ ತಪ್ಪೇ ವರ್ಷಗಟ್ಟಲೆ ನಡೆಯಬಹುದಾದರೆ, ಸಾವಿರಾರು ಉದಾಹರಣೆಗಳಿಂದ ತಾನೇ ಕಲಿತು, ಏಕೆ ಹೀಗೆ ನಿರ್ಣಯಿಸಿದೆನೆಂಬುದನ್ನು ತನ್ನ ನಿರ್ಮಾತೃವಿಗೂ ಬಿಡಿಸಿ ಹೇಳಲಾರದ ಯಂತ್ರದ ತಪ್ಪು ಎಷ್ಟು ಕಾಲ ಮರೆಯಾಗಿರಬಹುದು?

ಇದಕ್ಕೂ ದೃಷ್ಟಾಂತವುಂಟು. ನೆದರ್‌ಲೆಂಡ್ಸ್ ದೇಶದ ತೆರಿಗೆ ಇಲಾಖೆಯು, ಮಕ್ಕಳ ಪಾಲನೆಯ ಭತ್ಯವನ್ನು ಕೇಳಿದ ಅರ್ಜಿಗಳಲ್ಲಿ ಸಂಶಯಾಸ್ಪದವಾದವುಗಳನ್ನು ಆರಿಸಲು ಸ್ವಯಂಕಲಿಕೆಯ ಮಾದರಿಯೊಂದನ್ನು ಬಳಸಿತು. ಅರ್ಜಿದಾರನು ಡಚ್ ಪೌರನೋ ಅಲ್ಲವೋ ಎಂಬುದನ್ನೂ ಸಂಶಯದ ಒಂದು ಸೂಚಕವನ್ನಾಗಿ ಮಾಡಿತು. ಸಹಸ್ರಾರು ಕುಟುಂಬಗಳು ವಂಚಕರೆಂಬ ಹಣೆಪಟ್ಟಿಯನ್ನು ಹೊತ್ತು, ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕಾಗಿ ಬಂದು ಬೀದಿಪಾಲಾದವು. ಅಲ್ಲಿಯೂ 2017ರಲ್ಲಿ ಇಲಾಖೆಯ ಒಳಗಿನ ಕಾನೂನು ತಜ್ಞೆ ಸಾಂಡ್ರಾ ಪಾಲ್‌ಮೆನ್ ಇಲಾಖೆಯ ನಡೆ ತಪ್ಪೆಂದೂ ಪೋಷಕರಿಗೆ ಪರಿಹಾರ ಕೊಡಬೇಕೆಂದೂ ಟಿಪ್ಪಣಿ ಬರೆದಿದ್ದರು. ಅದೂ ಮೂಲೆ ಸೇರಿತು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ಎರಡು ದೇಶ, ಎರಡು ಯಂತ್ರ. ಕೊರತೆ ಮಾತ್ರ ಒಂದೇ. ತಜ್ಞರ ಜ್ಞಾನಕ್ಕೆ ಅಲ್ಲಿ ಅಭಾವವಿರಲಿಲ್ಲ, ಆ ಜ್ಞಾನಕ್ಕೆ ತಡೆಯುವ ಶಕ್ತಿಯಿರಲಿಲ್ಲ. ತಡೆಯಲಾಗದಿದ್ದರೆ ಸಾರ್ವಜನಿಕರಿಗೆ ಕೇಳಿಸುವ ಕಂಠವೂ ಇರಲಿಲ್ಲ. ನಾನು ಈ ದಿನ ಹೇಳಬಂದ ಮಾತು ಇಷ್ಟೆ: ತಜ್ಞರ ಸಮಿತಿಯೊಂದನ್ನು ನೇಮಿಸಿದ ಮಾತ್ರಕ್ಕೆ ಮೇಲ್ವಿಚಾರಣೆಯಾಗದು. ನೋಡುವ, ನಿಲ್ಲಿಸುವ, ಬಹಿರಂಗವಾಗಿ ನುಡಿಯುವ ಮೂರು ಅಧಿಕಾರಗಳೂ ಕೂಡಿದಾಗಲೇ ಅದು ಮೇಲ್ವಿಚಾರಣೆ. ಒಂದು ಕಳಚಿದರೂ ಅದು ಅಲಂಕಾರ.

5

ದಾರಿಯು ಇಲ್ಲವೆಂದಲ್ಲ. ಕೆನಡಾ ಸರ್ಕಾರವು 2019ರಲ್ಲಿ ಸ್ವಯಂಚಾಲಿತ ನಿರ್ಣಯಗಳನ್ನು ಕುರಿತು ಒಂದು ನಿರ್ದೇಶನವನ್ನು ಜಾರಿಗೆ ತಂದಿತು. ಇಲಾಖೆಯು ಯಂತ್ರವನ್ನು ಬಳಕೆಗೆ ತರುವ ಮೊದಲು ಅದರ ಪರಿಣಾಮವನ್ನು ಪ್ರಶ್ನಾವಳಿಯೊಂದರಿಂದ ಅಳೆದು, ನಾಲ್ಕು ಹಂತಗಳಲ್ಲಿ ಯಾವುದಕ್ಕೆ ಸೇರಿದುದೆಂದು ನಿರ್ಣಯಿಸಿ, ಫಲಿತಾಂಶವನ್ನು ಪ್ರಕಟಿಸತಕ್ಕದ್ದು. ಎರಡನೆಯ ಹಂತದಿಂದ ಮೇಲಕ್ಕೆ ತಜ್ಞರ ವಿಮರ್ಶೆಯೂ ನಡೆಯತಕ್ಕದ್ದು. ಪರಿಣಾಮವು ಹೆಚ್ಚಿದಂತೆ ಪರೀಕ್ಷೆಯೂ ಬಿಗಿಯಾಗುತ್ತದೆ. ಐರೋಪ್ಯ ಒಕ್ಕೂಟವು 2024ರ ತನ್ನ ಶಾಸನದಲ್ಲಿ, ಸರ್ಕಾರಿ ಸಹಾಯಕ್ಕೆ ಅರ್ಹರಾರೆಂದು ತೂಗುವ ಯಂತ್ರಗಳನ್ನು ಅಧಿಕ ಅಪಾಯದ ವರ್ಗದಲ್ಲಿಟ್ಟು, ಅವು ಮನುಷ್ಯನ ಮೇಲ್ವಿಚಾರಣೆಗೆ ಒಳಪಟ್ಟಿರಬೇಕೆಂದು ವಿಧಿಸಿದೆ.

ನಮ್ಮ ಸ್ಥಿತಿಯೇನು? ಯಂತ್ರದ ಉಪಕಾರವನ್ನು ಕನ್ನಡಿಗರು ಅಲ್ಲಗಳೆಯಲಾಗದು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದಮೇಲೆ, ಒಂದು ಹಾಳೆಗಾಗಿ ಹಲವು ದಿನ ಅಲೆಯುತ್ತಿದ್ದ ರೈತನ ಕಷ್ಟವು ಎಷ್ಟೋ ಕಡಮೆಯಾಯಿತು. ಆದರೆ ದಾಖಲೆಯನ್ನು ಕೊಡುವ ಯಂತ್ರ ಬೇರೆ, ಅರ್ಹತೆಯನ್ನು ತೂಗುವ ಯಂತ್ರ ಬೇರೆ. ಇಂದು ನಮ್ಮ ರಾಜ್ಯದಲ್ಲಿ ಯೋಜನೆಗಳ ಅರ್ಹತೆಯನ್ನು ಪರಿಶೀಲಿಸಲು ಕುಟುಂಬ ಎಂಬ ದತ್ತಾಂಶ ವ್ಯವಸ್ಥೆಯು ಬಳಕೆಯಲ್ಲಿದೆ. ನೆರೆಯ ತೆಲಂಗಾಣದಲ್ಲಿ ಗಣಕದ ಆಧಾರದಿಂದ ರದ್ದಾದ ಲಕ್ಷಾಂತರ ಪಡಿತರ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಬೇಕಾಯಿತು. ತಾತನವರ ಕಥೆಯ ಅಧಿಕಾರಿಯು ಬದುವಿನ ಮೇಲೆ ನಡೆದು ಮಾಡಿದ ಕೆಲಸವೂ ಅದೇ ಅಲ್ಲವೆ?

ಆದುದರಿಂದ ನನ್ನ ಸೂಚನೆ ಮೂರು. ಪ್ರಜೆಯ ಅನ್ನ, ಪಿಂಚಣಿ, ಔಷಧಗಳನ್ನು ಮುಟ್ಟುವ ಯಾವ ಯಂತ್ರವೂ ಇಲಾಖೆಗೂ ಮಾರಾಟಗಾರನಿಗೂ ಅಧೀನರಲ್ಲದ ತಜ್ಞರ ಪರೀಕ್ಷೆಯಿಲ್ಲದೆ ಬಳಕೆಗೆ ಬರಬಾರದು. ಆ ತಜ್ಞರಲ್ಲಿ ಗಣಕವನ್ನು ಬಲ್ಲವರಲ್ಲದೆ, ಕಾನೂನನ್ನು ಬಲ್ಲವರೂ, ಕೂಲಿಯವನ ಸುಗ್ಗಿ ಬೇಸಗೆಗಳನ್ನು ಬಲ್ಲ ಹಳ್ಳಿಯ ಕಾರ್ಯಕರ್ತೆಯೂ ಇರತಕ್ಕದ್ದು. ಅವರು ನಿಲ್ಲಿಸಿರೆಂದರೆ ಯಂತ್ರವು ನಿಲ್ಲತಕ್ಕದ್ದು. ಮುಂದುವರಿಸಬೇಕೆನ್ನುವ ಅಧಿಕಾರಿಯು ತನ್ನ ಹೆಸರಿನಲ್ಲಿ ಕಾರಣವನ್ನು ಬರೆಯತಕ್ಕದ್ದು. ಮತ್ತು ಅವರ ವರದಿಯು ಕನ್ನಡದಲ್ಲಿ, ಪಂಚಾಯತಿಯ ಜಮಾಬಂದಿಯಲ್ಲಿ ಓದಿ ಹೇಳಬಹುದಾದ ಕನ್ನಡದಲ್ಲಿ, ಪ್ರಕಟವಾಗತಕ್ಕದ್ದು.

ಈ ಸಭೆಯಲ್ಲಿ ಗಣಕವಿಜ್ಞಾನವನ್ನೂ ಸಂಖ್ಯಾಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಓದುತ್ತಿರುವ ತರುಣ ತರುಣಿಯರು ಅನೇಕರಿದ್ದೀರಿ. ನಿಮ್ಮನ್ನು ನಾನು ಬೇಡುವುದು ಒಂದೇ. ನಿಮ್ಮ ಊರಿನ ವೃದ್ಧೆಯೊಬ್ಬಳ ಪಿಂಚಣಿಯು ನಿಂತುಹೋಗಿ, “ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ” ಎಂಬ ಉತ್ತರವು ದೊರೆತ ದಿನ, ಆಕೆಯ ಜೊತೆಯಲ್ಲಿ ಹೋಗಿ, ಯಾವ ನಿಯಮದಿಂದ, ಯಾವ ಲೆಕ್ಕದಿಂದ ಹಾಗೆ ಬಂದಿತೆಂದು ಬರೆಹದಲ್ಲಿ ಕೇಳಿರಿ. ಆಡಳಿತದ ನಿರ್ಣಯಕ್ಕೆ ಗುರಿಯಾದವರಿಗೆ ಕಾರಣವನ್ನು ತಿಳಿಸತಕ್ಕದ್ದೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು ವಿಧಿಸಿದೆ.