ಬುದ್ಧಿಗೆ ಮುಸುಕು ಹಾಕುವ ಮದ್ಯ
(ಭಾಷಣದ ಬರಹ ರೂಪ)



ಅರಬಿ ಭಾಷೆಯಲ್ಲಿ ಮದ್ಯಕ್ಕೆ 'ಖಮ್ರ್' ಎನ್ನುತ್ತಾರೆ. ಮುಚ್ಚು, ಮರೆಮಾಡು ಎಂಬುದು ಅದರ ಧಾತುವಿನ ಅರ್ಥ. ಸ್ತ್ರೀಯರ ತಲೆವಸ್ತ್ರವನ್ನು 'ಖಿಮಾರ್' ಎನ್ನುವುದೂ ಅದೇ ಧಾತುವಿನಿಂದ. ಮದ್ಯ ಮುಚ್ಚುವುದು ಬುದ್ಧಿಯನ್ನು. ಅದು ಹರಾಮ್ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಮುಸುಕು ಮೆದುಳಿನ ಯಾವ ಭಾಗದ ಮೇಲೆ ಹೇಗೆ ಬೀಳುತ್ತದೆಂಬುದನ್ನು ಅರಿತವರು ವಿರಳ.

ಬಹುಕಾಲ ವಿಪರೀತ ಕುಡಿದವನ ಮೆದುಳು ಕುಗ್ಗುತ್ತದೆ. ಹಾನಿ ಎಲ್ಲೆಡೆ ಸಮನಾಗಿರುವುದಿಲ್ಲ. ಹಣೆಯ ಹಿಂಬದಿಯ ಭಾಗವು ವಿವೇಚನೆ ಮತ್ತು ಸಂಯಮದ ನೆಲೆ. ಅಲ್ಲಿ ನರಕೋಶಗಳೇ ಸಾಯುತ್ತವೆ. ಬೆಳಿಗ್ಗೆ ಆಣೆಯಿಟ್ಟವನು ಸಂಜೆಗೆ ಮತ್ತೆ ಶರಾಬಿನಂಗಡಿಯತ್ತ ನಡೆಯುವುದಕ್ಕೆ ಇದೂ ಒಂದು ಕಾರಣ. ಹಿಂತಲೆಯ ಕಿರುಮೆದುಳಿನಲ್ಲಿ ಪರ್ಕಿಂಜೆ ಕೋಶಗಳು ನಶಿಸಿದರೆ, ಕುಡಿಯದ ಹೊತ್ತಿನಲ್ಲೂ ಆತ ಕಾಲು ಅಗಲಿಸಿ ತೂರಾಡುತ್ತಾನೆ.

ಕುಡುಕನು ಸರಿಯಾಗಿ ಉಣ್ಣುವುದಿಲ್ಲ. ಉಂಡದ್ದರಲ್ಲಿನ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಹೀರಿಕೊಳ್ಳಲು ಮದ್ಯವು ದೇಹಕ್ಕೆ ಬಿಡುವುದಿಲ್ಲ. ಅದಿಲ್ಲದೆ ನರಕೋಶವು ಸಕ್ಕರೆಯಿಂದ ಶಕ್ತಿ ಪಡೆಯಲಾರದು. ಆಗ ಮೆದುಳಿನ ಆಳದಲ್ಲಿರುವ ಥಲಾಮಸ್ ಮತ್ತಿತರ ಭಾಗಗಳು ಹಾಳಾಗುತ್ತವೆ. ಗೊಂದಲ, ತೂರಾಟ, ಕಣ್ಣಿನ ಚಲನೆಯ ದೋಷ ಇವುಗಳನ್ನು 1881ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವರ್ನಿಕೆ ದಾಖಲಿಸಿದರು. ಕೂಡಲೇ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ರೋಗಿ ಉಳಿಯಬಲ್ಲ. ತಡವಾದರೆ, ರಷ್ಯಾದ ವೈದ್ಯ ಸೆರ್ಗೆಯ್ ಕೊರ್ಸಕೋವ್ 1887ರಿಂದ ವಿವರಿಸಿದ ಸ್ಥಿತಿ ಎದುರಾಗುತ್ತದೆ: ಹೊಸ ನೆನಪು ನಿಲ್ಲುವುದಿಲ್ಲ. ಆ ಖಾಲಿ ಜಾಗವನ್ನು ಆತ ತನಗರಿವಿಲ್ಲದೆಯೇ ಕಟ್ಟುಕಥೆಗಳಿಂದ ತುಂಬುತ್ತಾನೆ. ಮನೆಯವರು ಅದನ್ನು ಸುಳ್ಳೆಂದು ಭಾವಿಸಿ ಬೈಯುತ್ತಾರೆ.

ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಮದ್ಯವು ನರಕೋಶಗಳ ಉದ್ರೇಕವನ್ನು ಅದುಮಿಡುತ್ತದೆ. ಮೆದುಳು ಕ್ರಮೇಣ ಅದಕ್ಕೆ ಹೊಂದಿಕೊಳ್ಳುತ್ತದೆ. ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ನಿಲ್ಲಿಸಿದರೆ ಆ ಉದ್ರೇಕ ಕಟ್ಟೊಡೆಯುತ್ತದೆ. ನಡುಕ, ಫಿಟ್ಸ್, ಎರಡು ಮೂರು ದಿನಗಳಲ್ಲಿ ಸನ್ನಿ, ಕೆಲವೊಮ್ಮೆ ಮರಣವೂ ಸಂಭವಿಸಬಹುದು. ಆದ್ದರಿಂದ ಕುಡಿತವನ್ನು ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ನಮ್ಮ ಸಮುದಾಯದಲ್ಲಿ ಈ ರೋಗಿಗಳು ಇಲ್ಲವೇ? ಇದ್ದಾರೆ. ಜಮಾಅತ್‌ನವರಿಗೆ ತಿಳಿದರೆ ಮಾನ ಹೋದೀತೆಂದು, ಮಗಳ ನಿಕಾಹ್ ನಿಂತೀತೆಂದು ಬಚ್ಚಿಡುತ್ತೇವೆ. ಹೀಗೆ ಬಚ್ಚಿಟ್ಟ ಒಂದೊಂದು ವರ್ಷವೂ ಮೆದುಳಿನ ಆಯುಸ್ಸನ್ನು ತಿನ್ನುತ್ತದೆ. ಪಾಪವನ್ನು ಖಂಡಿಸೋಣ, ರೋಗಿಯನ್ನು ಕೈಬಿಡದಿರೋಣ. ಸಂಪೂರ್ಣವಾಗಿ ಬಿಟ್ಟವರ ಮೆದುಳು ತಿಂಗಳುಗಳಲ್ಲಿ ಭಾಗಶಃ ಚೇತರಿಸಿಕೊಳ್ಳುತ್ತದೆಂದು ಸ್ಕ್ಯಾನ್‌ಗಳು ತೋರಿಸಿವೆ. ತೌಬಾದ ಬಾಗಿಲು ತೆರೆದೇ ಇದೆ. ಅಂಥವರನ್ನು ಆಸ್ಪತ್ರೆಯ ಬಾಗಿಲಿಗೆ ಕರೆದೊಯ್ಯುವ ಹೊಣೆ ನಮ್ಮದು.