ಗಟ್ಟಿಯಾದ ರೆಸಿನ್ ಕೆಟ್ಟ ರೆಸಿನ್ ಅಲ್ಲ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದಿಲ್ಲಿಯ ಚಳಿ ನಮಗೆಲ್ಲ ಗೊತ್ತಿದ್ದದ್ದೇ. 2021ರ ಜನವರಿ 1ರಂದು ಸಫ್ದರ್‌ಜಂಗಿನಲ್ಲಿ ಉಷ್ಣಮಾನ 1.1 ಡಿಗ್ರಿಗೆ ಇಳಿದಿತ್ತು. ಊರಿನಿಂದ ತಂದ ಕೊಬ್ಬರಿ ಎಣ್ಣೆ ಈ ಚಳಿಗೆ ಶೀಸೆಯಲ್ಲಿಯೇ ಕಲ್ಲಾಗಿ ಕೂಡುತ್ತದೆ. ಹಾಗೆಂದು ಅದು ಕೆಟ್ಟಿತೆಂದು ಯಾವ ತಾಯಿಯೂ ಚೆಲ್ಲುವುದಿಲ್ಲ; ಬಿಸಿಲಿಗಿಟ್ಟು ಕರಗಿಸಿಕೊಳ್ಳುತ್ತಾಳೆ. ಮನೆಯಲ್ಲಿರುವ ಈ ತಿಳಿವಳಿಕೆ ಕಾರ್ಖಾನೆಯ ಉಗ್ರಾಣಕ್ಕೆ ಬಂದೊಡನೆ ಎಲ್ಲಿ ಹೋಗುತ್ತದೆ? ಇದೇ ಇಂದಿನ ನಮ್ಮ ಮಾತಿನ ವಿಷಯ.

ಓಖ್ಲಾ, ಫರೀದಾಬಾದ್, ನೋಯಿಡಾ, ಮಾನೇಸರಗಳಲ್ಲಿ ದುಡಿಯುವ ನಮ್ಮವರಲ್ಲಿ ಎಪಾಕ್ಸಿ ರೆಸಿನಿನ ಕೆಲಸ ಮಾಡುವವರು ಹಲವರಿದ್ದಾರೆ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್, ಅಮೆರಿಕದ ಸಿಲ್ವನ್ ಗ್ರೀನ್ಲೀ ಎಂಬ ರಸಾಯನ ಶಾಸ್ತ್ರಜ್ಞರ ದುಡಿಮೆಯಿಂದ ಬೆಳಕಿಗೆ ಬಂದ ಈ ವಸ್ತು ಇಂದು ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಹಿಡಿದು ಕಾರ್ಖಾನೆಯ ನೆಲದವರೆಗೆ ಎಲ್ಲೆಡೆಯೂ ಇದೆ. ದಿಲ್ಲಿ ಮೆಟ್ರೊದ ಎತ್ತರದ ಸೇತುವೆಗಳಲ್ಲಿ ಕಾಂಕ್ರೀಟಿನ ತುಂಡಿಗೆ ತುಂಡು ಕೂಡಿಸಲೂ ಎಪಾಕ್ಸಿ ಅಂಟೇ ಬೇಕಾಯಿತು.

ಚಳಿಗಾಲದಲ್ಲಿ ಈ ರೆಸಿನಿನ ಡ್ರಮ್ಮು ತೆರೆದರೆ ಕೆಲವೊಮ್ಮೆ ಒಳಗಿನ ಮಾಲು ಮಂಜಿನಂತೆ ಬೆಳ್ಳಗಾಗಿರುತ್ತದೆ, ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟಿರುತ್ತದೆ, ಇಲ್ಲವೆ ಪೂರ್ತಿ ಮೇಣವಾಗಿರುತ್ತದೆ. "ಮಾಲು ಹಾಳಾಯಿತು, ಯಾರು ಇಟ್ಟವರು?" ಎಂಬ ಕೂಗು ಏಳುತ್ತದೆ. ಡ್ರಮ್ಮು ಹೊರಗೆ ಹೋಗುತ್ತದೆ, ಅದರ ಬೆಲೆ ಬಡವನ ಸಂಬಳದ ಚೀಟಿಗೆ ಬರುತ್ತದೆ. ಹೀಗೆ ಆದುದನ್ನು ನಾವು ಕಂಡಿದ್ದೇವೆ. ಆದುದರಿಂದಲೇ ಈ ಮಾತು ಆಡಬೇಕಾಗಿದೆ.

ನಿಜವಾಗಿ ಆದದ್ದೇನು? ನಾವು ಹೆಚ್ಚಾಗಿ ಬಳಸುವ ಎಪಾಕ್ಸಿ ರೆಸಿನ್ ಶುದ್ಧ ರೂಪದಲ್ಲಿ ಸುಮಾರು 42 ಡಿಗ್ರಿಯಲ್ಲಿ ಕರಗುವ ವಸ್ತು. ಎಂದರೆ ಸಾಮಾನ್ಯ ಹವೆಯಲ್ಲಿ ಅದು ಗಟ್ಟಿಯಾಗಿಯೇ ಇರಬೇಕಾದದ್ದು. ತುಂಬ ಮಂದವಾದದ್ದರಿಂದ ಹರಳುಗಟ್ಟಲು ಆಲಸ್ಯಪಟ್ಟು ದ್ರವವಾಗಿ ಉಳಿದಿದೆ. ರಾತ್ರಿಯ ಚಳಿ, ಹಗಲಿನ ಬಿಸಿಲು ಹೀಗೆ ಏರಿಳಿತವಾದರೆ, ಒಂದಿಷ್ಟು ಧೂಳೋ ಸೀಮೆಸುಣ್ಣದಂಥ ಪುಡಿಯೋ ಬಿದ್ದರೆ, ಹರಳು ಹುಟ್ಟಿಕೊಳ್ಳುತ್ತದೆ. ರೆಸಿನ್ ಶುದ್ಧವಾದಷ್ಟೂ ಈ ಗುಣ ಹೆಚ್ಚು. ಇದು ಬರಿಯ ರೂಪದ ಬದಲಾವಣೆ, ವಸ್ತು ಬದಲಾಗಿಲ್ಲ.

ಇದನ್ನು ಮರಳಿ ದ್ರವ ಮಾಡುವುದು ಹೀಗೆ. ಸಣ್ಣ ಡಬ್ಬವಾದರೆ 50ರಿಂದ 60 ಡಿಗ್ರಿ ಬಿಸಿನೀರಿನಲ್ಲಿಡಬೇಕು. ಮುಚ್ಚಳ ತುಸು ಸಡಿಲವಿರಲಿ, ಆದರೆ ಒಂದು ಹನಿ ನೀರೂ ಒಳಗೆ ಹೋಗಬಾರದು. ದೊಡ್ಡ ಡ್ರಮ್ಮಾದರೆ ಅಷ್ಟೇ ಬಿಸಿಯ ಕೋಣೆಯಲ್ಲೋ ಬಿಸಿ ಪೆಟ್ಟಿಗೆಯಲ್ಲೋ ಒಂದು ಹಗಲು ಒಂದು ರಾತ್ರಿ, ಬೇಕಾದರೆ ಇನ್ನೂ ಹೆಚ್ಚು ಹೊತ್ತು ಇಡಬೇಕು. ನಡುನಡುವೆ ತಳದಿಂದ ಕಲಕಬೇಕು. ಕೈಯಂದಾಜು ಸಾಲದು, ಥರ್ಮಾಮೀಟರ್ ಬೇಕು.

ಇಲ್ಲಿ ಅವಸರವೇ ಶತ್ರು. ಮೇಲೆ ತಿಳಿಯಾಯಿತೆಂದು ಬಿಟ್ಟರೆ ತಳದಲ್ಲಿ ಉಳಿದ ಚಿಟಿಕೆ ಹರಳು ಹಾಲಿಗೆ ಹಾಕಿದ ಹೆಪ್ಪಿನಂತೆ ಕೆಲಸ ಮಾಡುತ್ತದೆ. ಕೆಲವು ದಿನಗಳಲ್ಲಿ ಡ್ರಮ್ಮೆಲ್ಲ ಮತ್ತೆ ಕಟ್ಟುತ್ತದೆ. ಗಾಜಿನ ತುಂಡಿನ ಮೇಲೆ ತೆಳ್ಳಗೆ ಸವರಿ ಬೆಳಕಿಗೆ ಹಿಡಿದು ನೋಡಿ. ಒಂದು ಕಾಳೂ ಕಾಣಬಾರದು. ಮುಚ್ಚಳದ ಅಂಚಿಗೆ ಒಣಗಿ ಹತ್ತಿದ ಹರಳನ್ನೂ ಒರೆಸಿ ತೆಗೆಯಿರಿ.

ಹರಳನ್ನು ತಳದಲ್ಲಿ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಕೆಲಸ ಸಾಗಿಸುವವರಿದ್ದಾರೆ. ಅದು ತರವಲ್ಲ. ಕರಗದ ಕಾಳು ಹಾರ್ಡನರಿನೊಡನೆ ಸರಿಯಾಗಿ ಬೆರೆಯದು. ತೂಕದ ಲೆಕ್ಕ ಕಾಗದದಲ್ಲಿ ಸರಿ, ಅಂಟಿನಲ್ಲಿ ತಪ್ಪು. ಅಂಥ ಬೆಸುಗೆಯ ಕೆಳಗೆ ನಾಳೆ ನಿಲ್ಲುವವನು ನಮ್ಮ ನಿಮ್ಮಂಥ ಕೆಲಸಗಾರನೇ.

ಕರಗಿದ ರೆಸಿನನ್ನು ಬಿಸಿಯಾಗಿದ್ದಾಗಲೇ ಹಾರ್ಡನರಿಗೆ ಬೆರೆಸಬಾರದು. ಸ್ಥೂಲವಾಗಿ 10 ಡಿಗ್ರಿ ಬಿಸಿ ಏರಿದರೆ ಗಟ್ಟಿಯಾಗುವ ವೇಗ ಇಮ್ಮಡಿಯಾಗುತ್ತದೆ. ಅರ್ಧ ಗಂಟೆ ಸಿಗಬೇಕಾದ ಮಿಶ್ರಣ ಕೆಲವೇ ನಿಮಿಷಗಳಲ್ಲಿ ಬಕೆಟ್ಟಿನಲ್ಲಿಯೇ ಕಾದು ಹೊಗೆಯೇಳಬಹುದು. ಕೋಣೆಯ ಹದಕ್ಕೆ ಆರಿದ ಮೇಲೆಯೇ ಬೆರೆಸಿ.

ಬೆಂಕಿಯ ಮೇಲೆ ಡಬ್ಬವಿಡುವುದು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಹೊತ್ತಿಸಿ ಡ್ರಮ್ಮು ಕಾಯಿಸುವುದಂತೂ ಪ್ರಾಣಕ್ಕೆ ಕುತ್ತು. ಇದ್ದಿಲ ಹೊಗೆಯ ವಿಷಗಾಳಿಗೆ ಈ ನಗರದಲ್ಲಿ ಚಳಿಗಾಲದಲ್ಲಿ ಮಲಗಿದಲ್ಲಿಯೇ ಸತ್ತವರುಂಟು. ರೆಸಿನಾಗಲಿ ಹಾರ್ಡನರಾಗಲಿ ಬರಿಗೈಗೆ ತಾಗಬಾರದು. ಒಮ್ಮೆ ಚರ್ಮಕ್ಕೆ ಒಗ್ಗದೆ ತುರಿ ಹತ್ತಿದರೆ ಆಮೇಲೆ ಆ ಕೆಲಸವನ್ನೇ ಬಿಡಬೇಕಾದೀತು. ಕೈಗವಸು ಕೇಳುವುದು ಸೊಗಸುಗಾರಿಕೆಯಲ್ಲ.

ಇನ್ನೊಂದು ಬಗೆಯ ಗಟ್ಟಿತನವೂ ಇದೆ. ಹಾರ್ಡನರ್ ಬೆರೆತು ಕಲ್ಲಾದ ರೆಸಿನ್ ಸುಟ್ಟ ಮಡಕೆಯಂತೆ, ಮತ್ತೆ ಮಣ್ಣಾಗದು. ಗುರುತು ಹಿಡಿಯಲು ಒಂದು ಚಿಟಿಕೆ ತೆಗೆದು ಬಿಸಿನೀರಿನಲ್ಲಿಟ್ಟ ಬಟ್ಟಲಿಗೆ ಹಾಕಿ. ಕರಗಿ ತಿಳಿಯಾದರೆ ಅದು ಹರಳು. ರಬ್ಬರಿನಂತೆ ಉಳಿದರೆ ಕಾಲ ಮೀರಿತು. ಹಾರ್ಡನರ್ ಮೊದಲೇ ಬೆರೆಸಿ, ತಂಪಿನಲ್ಲಿಡಲೆಂದೇ ಕಳಿಸುವ ಮಾಲಿಗೆ ಮಾತ್ರ ಈ ಕರಗಿಸುವ ಉಪಾಯ ಸಲ್ಲದು. ಡಬ್ಬದ ಮೇಲಿನ ಬರಹ ಓದಿಯೇ ಮುಂದುವರಿಯಬೇಕು.

ಕೊನೆಯದಾಗಿ ಸಂಬಳದ ಮಾತು. 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ, ಅದರ ಸ್ಥಾನಕ್ಕಾಗಿ ಮಾಡಿದ 2019ರ ವೇತನ ಸಂಹಿತೆಯಲ್ಲಿಯೂ ಒಂದು ಮಾತು ಸ್ಪಷ್ಟವಾಗಿದೆ: ಮಾಲಿನ ನಷ್ಟಕ್ಕೆ ಸಂಬಳ ಹಿಡಿಯಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿ ಕೇಳದೆ ಹಿಡಿಯಕೂಡದು, ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು. ದಿಲ್ಲಿಯ ಚಳಿ ಕೆಲಸಗಾರನ ಅಲಕ್ಷ್ಯವಲ್ಲ. ಕರಗಿಸಿದರೆ ಸರಿಹೋಗುವ ಡ್ರಮ್ಮು ನಷ್ಟವೇ ಅಲ್ಲ. ಆದರೆ ಸಮಜಾಯಿಷಿ ಹೇಳಬೇಕಾದರೆ ನಮಗೆ ವಿಷಯ ತಿಳಿದಿರಬೇಕು. ತಿಳಿಯದವನ ಬಾಯಿಗೆ ಕಾನೂನೂ ಬಲ ಕೊಡಲಾರದು.

ಬಂಧುಗಳೆ, ದೀಪಾವಳಿ ಕಳೆದೊಡನೆ ನಿಮ್ಮ ನಿಮ್ಮ ಉಗ್ರಾಣದಲ್ಲಿ ಡ್ರಮ್ಮುಗಳನ್ನು ತಣ್ಣನೆಯ ನೆಲದಿಂದ ಎತ್ತಿ ಹಲಗೆಯ ಮೇಲಿಡಿಸಿ, ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿಸಿ. ಇಂದು ಕೇಳಿದ್ದನ್ನು ಪಕ್ಕದಲ್ಲಿ ದುಡಿಯುವ ಬಿಹಾರಿನ ಗೆಳೆಯನಿಗೂ ಬಂಗಾಳದ ಗೆಳೆಯನಿಗೂ ಹೇಳಿ. ಸಂಬಳ ಕಡಿತದ ಚೀಟಿ ಭಾಷೆ ನೋಡಿ ಬರುವುದಿಲ್ಲ.